ಬೋಗುಣಿಮತ್ಸ್ಯ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕು. ವಿಷಯ: ಬೆಟ್ಟಾ, ಅಂಗಡಿಯವರ ಬಾಯಲ್ಲಿ ಫೈಟರ್ ಮೀನು. ಪ್ರಯೋಜನ: ಅದು ಸಾಯದಿರುವುದು. ಸಂಬಂಧ: ಮೀನು ಅಣ್ಣನ ಮಗನದು, ನೀರು ಹೊರುವುದು ನನ್ನದು. ಅಧಿಕಾರಿ: ಯಾರ ಮನೆಯ ಟಿ.ವಿ. ಪಕ್ಕದಲ್ಲಿ ಮೂರು ಲೀಟರಿನ ಗಾಜಿನ ಬೋಗುಣಿಯೊಂದು ಬಂದು ಕೂತಿದೆಯೋ ಅವರೆಲ್ಲರೂ.

ಮೊದಲು ನಿರುಕ್ತ. ಬೆಟ್ಟಾ ಎಂದ ಕೂಡಲೆ ಕನ್ನಡಿಗನಿಗೆ ಗುಡ್ಡ ನೆನಪಾಗುವುದು ಸಹಜ. ನಮ್ಮಮ್ಮ ‘ಬೆಟ್ಟದ ಮೀನಾದರೆ ಚಳಿ ತಡೆಯುತ್ತೆ ಬಿಡು’ ಎಂದು ಆಗಲೇ ತೀರ್ಪು ಕೊಟ್ಟಾಗಿತ್ತು. ಆದರೆ ಹೆಸರು ಮಲಯ್ ಭಾಷೆಯಿಂದ ಬಂದದ್ದು, ಮೀನು ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಬಯಲು ಗದ್ದೆಗಳದ್ದು. 1910ರಲ್ಲಿ ರೀಗನ್ ಎಂಬ ಮತ್ಸ್ಯವಿಜ್ಞಾನಿ ಇದಕ್ಕೆ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂದು ನಾಮಕರಣ ಮಾಡಿದ. ಥಾಯ್ ಜನ ಕರೆಯುವುದು ‘ಪ್ಲಾ ಕಟ್’ ಎಂದು. ಪ್ಲಾ ಎಂದರೆ ಮೀನು, ಕಟ್ ಎಂದರೆ ಕಚ್ಚು. ಈ ‘ಕಟ್’ ನಮ್ಮ ‘ಕಚ್ಚು’ ಧಾತುವಿನಿಂದಲೇ ಹಡಗು ಹತ್ತಿ ಹೋದದ್ದೆಂದು ಸಾಧಿಸುವ ಆಸೆ ನನಗೂ ಆಯಿತು. ಆಧಾರವೇನೂ ಇಲ್ಲದ್ದರಿಂದ ಅದನ್ನು ಪಿಎಚ್.ಡಿ. ಮಾಡುವವರಿಗೆ ಬಿಟ್ಟಿದ್ದೇನೆ. ಪೂರ್ವಸೂರಿಗಳಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಉಲ್ಲೇಖಾರ್ಹ. ಅವನ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಆದರೆ ಅಲ್ಲಿ ವಿನೋದ ರಾಜನದು, ಗಾಳ ಮೀನಿನದು. ನಮಗೆ ಬೇಕಾದದ್ದು ತದ್ವಿರುದ್ಧ.

ಈಗ ಪೂರ್ವಪಕ್ಷ. ಅಂಗಡಿಯವನದು ಗೋಷ್ಪದವಾದ. ‘ಏನೂ ಬೇಡ ಸಾರ್, ಪಂಪ್ ಬೇಡ, ಫಿಲ್ಟರ್ ಬೇಡ. ಅವರ ಊರಲ್ಲಿ ಇದು ದನದ ಹೆಜ್ಜೆ ಗುಳಿಯಲ್ಲೇ ಬದುಕತ್ತೆ’ ಎಂದ. ಹನುಮಂತನಿಗೆ ಸಮುದ್ರ ಗೋಷ್ಪದವಾಯಿತೆಂದು ಕೇಳಿದ್ದೆವು. ಮೀನಿಗೆ ಗೋಷ್ಪದವೇ ಸಮುದ್ರವೆಂಬುದು ಹೊಸ ದರ್ಶನ. ಇದರ ಖಂಡನೆ ಹೀಗೆ. ಗದ್ದೆಯ ನೀರು ಮೊಣಕಾಲು ಮುಟ್ಟದಿರಬಹುದು, ಆದರೆ ಎಕರೆಗಟ್ಟಲೆ ಹರಡಿರುತ್ತದೆ. ಬೇಸಿಗೆಯಲ್ಲಿ ಅದು ಬತ್ತಿದಾಗ ಮೀನು ಗುಳಿಯಲ್ಲಿ ಸಿಕ್ಕಿಕೊಂಡೀತು. ಬಸ್‌ಸ್ಟ್ಯಾಂಡಿನಲ್ಲಿ ಒಂದು ರಾತ್ರಿ ಕಳೆದವನ ವಿಳಾಸ ಬಸ್‌ಸ್ಟ್ಯಾಂಡ್ ಎನ್ನಲಾದೀತೆ?

ಆದರೂ ಅಂಗಡಿಯವನ ಮಾತಿನಲ್ಲಿ ಅರ್ಧ ಸತ್ಯವಿದೆ, ಮೀನನ್ನು ಕೊಲ್ಲುವುದೂ ಆ ಅರ್ಧವೇ. ಬೆಟ್ಟಾಗೆ ಕಿವಿರುಗಳ ಜೊತೆಗೆ ತಲೆಯೊಳಗೆ ಸುರುಳಿಸುರುಳಿಯಾದ ಇನ್ನೊಂದು ಉಸಿರಾಟದ ಅಂಗವಿದೆ. ಮೀನು ಮೇಲೆ ಬಂದು ನೇರವಾಗಿ ಗಾಳಿ ಗುಟುಕರಿಸುತ್ತದೆ. ಹೀಗಾಗಿ ಬೇರೆ ಮೀನು ಉಸಿರುಗಟ್ಟಿ ಸಾಯುವ ನೀರಿನಲ್ಲಿ ಇದು ಸಾಯುವುದಿಲ್ಲ. ಸಾಯದ್ದನ್ನೇ ನಾವು ಸುಖವೆಂದು ತಿಳಿಯುತ್ತೇವೆ. ಬೋಗುಣಿಯಲ್ಲಿ ತೊಂದರೆ ಗಾಳಿಯ ಕೊರತೆಯದಲ್ಲ, ಹೇಲಿನ ಹೆಚ್ಚಳದ್ದು; ಶಾಸ್ತ್ರದಲ್ಲಿ ಸಂಕೋಚ ಸಲ್ಲದು. ಮೀನಿನ ಮಲ, ಕಿವಿರಿನಿಂದ ಹೊರಬೀಳುವ ಕಶ್ಮಲ, ಕೊಳೆತ ತಿಂಡಿ ಎಲ್ಲ ಅಮೋನಿಯ ಆಗುತ್ತದೆ. ಕಣ್ಣಿಗೆ ನೀರು ತಿಳಿಯಾಗಿಯೇ ಇರುತ್ತದೆ. ಪ್ರತ್ಯಕ್ಷಪ್ರಮಾಣ ಸೋಲುವ ಜಾಗ ಇದು.

ಇಲ್ಲಿ ಜಲಶುದ್ಧಿವಾದಿಯಾದ ನಮ್ಮಪ್ಪನ ಪ್ರವೇಶ. ಅವರ ಮತದಲ್ಲಿ ಪಾತ್ರೆಯೆಂದರೆ ದಿನಾ ತಿಕ್ಕತಕ್ಕದ್ದು. ಭಾನುವಾರ ಮೀನನ್ನು ಲೋಟಕ್ಕೆ ಹಾಕಿ, ಬೋಗುಣಿಯನ್ನೂ ಅದರೊಳಗಿನ ಬೆಣಚುಕಲ್ಲುಗಳನ್ನೂ ತೆಂಗಿನ ನಾರಿನಿಂದ ಉಜ್ಜಿ, ನಲ್ಲಿಯ ಕಾವೇರಿ ನೀರನ್ನು ಹಾಗೇ ತುಂಬಿದರು. ಕಲ್ಲುಗಳಿಗೆ ಅಂಟಿಕೊಂಡು ಅಮೋನಿಯವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟೇನೂ ಕೇಡಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಸಂಸಾರವೊಂದಿರುತ್ತದೆ. ಅದು ನೆಲೆಗೊಳ್ಳಲು ನಾಲ್ಕಾರು ವಾರ ಬೇಕು, ಎಬ್ಬಿಸಲು ಒಂದು ಭಾನುವಾರ ಸಾಕು. ಉಳಿದವರನ್ನು ನಲ್ಲಿ ನೀರಿನ ಕ್ಲೋರಿನ್ ನೋಡಿಕೊಂಡಿತು. ಮೂರು ದಿನಕ್ಕೆ ಬಾಲದ ರೆಕ್ಕೆಯ ಅಂಚು ಹಳೇ ಸೀರೆಯ ಸೆರಗಿನಂತೆ ಹರಿಯತೊಡಗಿತು. ಸಿದ್ಧಾಂತ: ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡು, ಇಲ್ಲವೇ ಅಂಗಡಿಯ ಆಂಟಿ-ಕ್ಲೋರಿನ್ ಹನಿ ಹಾಕು, ದಿನ ಬಿಟ್ಟು ದಿನ ಮೂರನೇ ಒಂದು ಪಾಲು ಮಾತ್ರ ಬದಲಿಸು, ಅಪ್ಪನಿಗೆ ಬೇರೆ ಪಾತ್ರೆ ಕೊಡು.

ಅಮ್ಮ ಅನ್ನದಾನವಾದಿ. ಮೀನು ಗಾಜಿನ ಹತ್ತಿರ ಬಂದು ಬಾಯಿ ತೆರೆದರೆ ಹಸಿವು, ದೂರ ಹೋದರೆ ಮುನಿಸು; ಎರಡಕ್ಕೂ ಪರಿಹಾರ ಒಂದೇ. ಕಾಳಿನ ಜೊತೆ ಒಂದೆರಡು ಅಗುಳು ಅನ್ನವೂ ಬಿದ್ದಿತ್ತು. ಇದು ಸೊಳ್ಳೆಮರಿ, ಹುಳುಹುಪ್ಪಟೆ ತಿನ್ನುವ ಮಾಂಸಾಹಾರಿಯೆಂದೂ, ಇದರ ಹೊಟ್ಟೆ ಇದರ ಕಣ್ಣಿನಷ್ಟೇ ಎಂಬುದು ಸಾಕಿದವರ ಲೆಕ್ಕವೆಂದೂ, ಹೊತ್ತಿಗೆ ಎರಡು ಮೂರು ಕಾಳು ಸಾಕೆಂದೂ ವಾದಿಸಿದೆ. ‘ನಿನ್ನನ್ನ ಹಾಗೆ ಬೆಳೆಸಿದ್ನೇನೋ?’ ಎಂಬ ಪ್ರಶ್ನೆಗೆ ಯಾವ ದರ್ಶನದಲ್ಲೂ ಉತ್ತರವಿಲ್ಲ. ಕೊನೆಗೆ ವಾರಕ್ಕೊಂದು ದಿನ ಖಾಲಿ ಹೊಟ್ಟೆ ಒಳ್ಳೆಯದೆಂಬುದನ್ನು ‘ಏಕಾದಶಿ’ ಎಂದು ಅನುವಾದಿಸಿದೆ. ಅಂದಿನಿಂದ ಮಾಂಸಾಹಾರಿ ಮೀನು ತಿಂಗಳಿಗೆರಡು ಸಲ ನಿಷ್ಠೆಯಿಂದ ಉಪವಾಸವಿದೆ. ಉಳಿದೆರಡು ವಾರದ ಸಂಧಾನ ನಡೆದಿದೆ.

ಹೆಸರಿನ ವಿಚಾರ ಬಿಟ್ಟುಹೋಯಿತು. ಅಣ್ಣನ ಮಗ ಕನ್ನಡಿ ಹಿಡಿದಾಗಲೆಲ್ಲ ಇದು ಕಿವಿರಿನ ಮುಚ್ಚಳ ಕೆದರಿ, ರೆಕ್ಕೆ ಬಿಚ್ಚಿ, ಎದುರಿಗಿರುವ ವೈರಿ ತಾನೇ ಎಂದು ತಿಳಿಯದೆ ಏರಿಹೋಗುತ್ತಿತ್ತು. ಹಾಗಾಗಿ ದುರ್ಯೋಧನ. ದಿನಕ್ಕೊಂದೆರಡು ನಿಮಿಷವಾದರೆ ವ್ಯಾಯಾಮ. ಅರ್ಧ ಗಂಟೆಯಾದರೆ ಹಿಂಸೆ. ಹೆಸರು ಪೂರ್ತಿ ಹೊಂದಲಿಲ್ಲ. ರನ್ನನ ದುರ್ಯೋಧನ ಕೊಳದೊಳಗಿದ್ದೂ ಬೆವರಿದ. ನಮ್ಮವನು ಡಿಸೆಂಬರಿನ ಬೆಂಗಳೂರಿನಲ್ಲಿ ನಡುಗಿದ. ಬೇಕಾದದ್ದು 25-27 ಡಿಗ್ರಿ, ರಾತ್ರಿ ಸಿಕ್ಕಿದ್ದು 16ರ ಆಸುಪಾಸು. ದೊಡ್ಡ ನೀರು ನಿಧಾನವಾಗಿ ತಣಿಯುತ್ತದೆ, ಮೂರು ಲೀಟರಾದರೆ ಕಾಫಿಯಂತೆ ತಣಿಯುತ್ತದೆ. ಚಳಿಗೆ ಅರಗುವುದಿಲ್ಲ, ಅರಗದಿದ್ದರೆ ರೋಗ. ಹೊಟ್ಟೆ ಉಬ್ಬಿ ಹುರುಪೆಗಳು ಅನಾನಸಿನ ಸಿಪ್ಪೆಯಂತೆ ನಿಮಿರಿದರೆ ಅದು ಜಲೋದರ; ಆ ಅಧ್ಯಾಯ ಬರೆಯುವ ಪ್ರಸಂಗ ಸದ್ಯ ಬರಲಿಲ್ಲ.

ಬಂದದ್ದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯ ಅಭಾವ ತಿಳಿಯುತ್ತದೆಂದು ಮೀಮಾಂಸಕರು ಹೇಳುತ್ತಾರೆ. ಒಂದು ಬೆಳಗ್ಗೆ ಗಡಿಗೆ ಇತ್ತು, ಮೀನಿರಲಿಲ್ಲ. ಬೆಟ್ಟಾ ಹಾರುತ್ತದೆ, ಕೆಟ್ಟ ನೀರಿನಿಂದ ಇನ್ನೂ ಚೆನ್ನಾಗಿ ಹಾರುತ್ತದೆ. ಟಿ.ವಿ. ಹಿಂದಿನ ಧೂಳಿನಲ್ಲಿ ಸಿಕ್ಕಾಗ ಕೂದಲು ಸುತ್ತಿಕೊಂಡು ಮಿಸುಕುತ್ತಿತ್ತು. ಗಾಳಿ ಕುಡಿಯುವ ಆ ಸುರುಳಿ ಅಂಗವೇ ಕಾಪಾಡಿರಬೇಕು.

ಅಂದೇ ಸಂಜೆ ಮುಚ್ಚಳವಿರುವ 20 ಲೀಟರಿನ ತೊಟ್ಟಿ, ಚಿಕ್ಕ ಹೀಟರು, ಮೆಲ್ಲನೆ ಓಡುವ ಫಿಲ್ಟರು ತಂದೆ. ಪಾರ್ಕಿನಿಂದ ಕಾಡುಬಾದಾಮಿಯ ಒಣಗಿದ ಎಲೆಯೊಂದನ್ನು ತೊಳೆದು ಹಾಕಿದೆ. ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ‘ಬೋಗುಣಿಯಲ್ಲಿ ಬೆಟ್ಟಾವನ್ನು ಆರೋಗ್ಯವಾಗಿಡುವುದು ಹೇಗೆ?’ ಎಂಬ ಮೂಲಪ್ರಶ್ನೆಗೆ, ಹೊರಗಿಟ್ಟು ಎಂಬುದೇ ಸಿದ್ಧಾಂತವಾಗಿ ಹೊರಟಿತು. ಬೋಗುಣಿಯಲ್ಲಿ ಈಗ ಹುಣಸೆಹಣ್ಣು ನೆನೆಯುತ್ತದೆ.

ಹದಿನೈದು ದಿನಕ್ಕೆ ದುರ್ಯೋಧನ ತೊಟ್ಟಿಯ ಮೂಲೆಯಲ್ಲಿ ನೊರೆಗುಳ್ಳೆಗಳ ಗೂಡು ಕಟ್ಟಿದ. ಗಂಡು ಬೆಟ್ಟಾ ಹೆಣ್ಣಿರಲಿ ಬಿಡಲಿ ಗೂಡು ಕಟ್ಟುತ್ತದೆ, ಅದರಿಂದ ಸುಖವನ್ನು ಅನುಮಾನಿಸಲಾಗದು ಎಂದು ಅಮ್ಮನಿಗೆ ವಿವರಿಸಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು.

‘ಮನೆ ಕಟ್ಟಿ ಆಯ್ತು. ಒಂದು ಹೆಣ್ಣು ನೋಡೋದಲ್ವೇನೋ?’

ಹೆಣ್ಣನ್ನು ಜೊತೆಗೆ ಬಿಟ್ಟರೆ ಕಚ್ಚಿ ಕೊಂದುಬಿಡಬಹುದು ಎಂದೆ.

‘ಎಲ್ಲಾ ಮೊದಮೊದಲು ಹಾಗೇ’ ಎಂದು ಅಡುಗೆಮನೆಗೆ ಹೋದರು.