ಉಪ್ಪು ತಿಂದ ಕಾರು

ಮಿಯಾಟಾ ಇಟ್ಟುಕೊಂಡವರ ಮನೆಯಲ್ಲಿ ಇನ್ನೊಂದು ಕಾರು ಇರಲೇಬೇಕು. ಇದರಲ್ಲಿರುವುದು ಎರಡೇ ಸೀಟು. ಡಿಕ್ಕಿಯಲ್ಲಿ ಸ್ಟೆಪ್ನಿಯೂ ಬ್ಯಾಟರಿಯೂ ಕಾಯಂ ಒಕ್ಕಲು, ಹಾಗಾಗಿ ಪಟೇಲರ ಅಂಗಡಿಯಿಂದ ಸೋನಾಮಸೂರಿ ಮೂಟೆ ತರುವ ಯೋಗ ಇದಕ್ಕಿಲ್ಲ. ಮಾಜ್ಡಾ ಕಂಪನಿ ಇದನ್ನು 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಜಗತ್ತಿಗೆ ತೋರಿಸಿತು. ಕುದುರೆಯೂ ಸವಾರನೂ ಒಂದೇ ದೇಹವಾಗಬೇಕು ಎನ್ನುವುದು ಇದನ್ನು ಕಟ್ಟಿದ ಜಪಾನಿ ಇಂಜಿನಿಯರುಗಳ ಆದರ್ಶವಂತೆ. ನನ್ನದು 1992ರ ಮಾಡೆಲ್. ಆದರ್ಶ ಈಗ ಪೂರ್ತಿ ಕೈಗೂಡಿದೆ: ಹಳ್ಳಕ್ಕೆ ಚಕ್ರ ಇಳಿದರೆ ಕಾರು ಎಲ್ಲಿ ಕಿರುಗುಟ್ಟುತ್ತದೋ ನನಗೂ ಅಲ್ಲೇ ಹಿಡಿದುಕೊಳ್ಳುತ್ತದೆ.

ಶಾಕ್ ಅಬ್ಸಾರ್ಬರ್ ಹೋಗಿದೆ ಎಂದು ಯಾರಿಗೂ ಒಂದೇ ದಿನದಲ್ಲಿ ಗೊತ್ತಾಗುವುದಿಲ್ಲ. ಗಾಡಿಯ ಭಾರ ಹೊರುವುದು ಸ್ಪ್ರಿಂಗು. ಅದು ಮದುವೆಮನೆಯ ಭಾವಮೈದುನನಿದ್ದಂತೆ, ಒಮ್ಮೆ ಕುಣಿಯಲು ಎದ್ದರೆ ಕೂರುವುದಿಲ್ಲ. ಹೆಗಲು ಒತ್ತಿ ಕೂರಿಸುವ ಹಿರಿಯನೇ ಶಾಕ್. ಒಳಗೆ ಒಂದು ಪಿಸ್ಟನ್ನು, ಅದರಲ್ಲಿ ಸಣ್ಣ ಸಣ್ಣ ತೂತು. ಎಣ್ಣೆ ಆ ತೂತುಗಳಲ್ಲಿ ತಿಣುಕುತ್ತ ನುಸುಳುವಾಗ ಕುಣಿತವೆಲ್ಲ ಬಿಸಿಯಾಗಿ ಕರಗಿಹೋಗುತ್ತದೆ. ವರ್ಷಗಳು ಕಳೆದಂತೆ ಸೀಲು ಸವೆದು ಎಣ್ಣೆ ಜಿನುಗುತ್ತದೆ, ಕುಣಿತ ದಿನಕ್ಕೊಂದು ಗುಲಗಂಜಿಯಷ್ಟು ಹೆಚ್ಚುತ್ತದೆ, ನಾವು ಅದಕ್ಕೆ ಒಗ್ಗಿಕೊಳ್ಳುತ್ತೇವೆ. 'ಈ ರಸ್ತೆ ಮೊದಲು ಇಷ್ಟು ಹಾಳಾಗಿರಲಿಲ್ಲ' ಎಂದು ಸರ್ಕಾರವನ್ನು ಬೈಯುತ್ತ ಆರಾಮವಾಗಿರುತ್ತೇವೆ.

ನಾನಿರುವ ಮಿಶಿಗನ್ನಿನಲ್ಲಿ ಹಾಗೆ ಬೈಯಲು ಕಾರಣಗಳಿಗೇನೂ ಬರವಿಲ್ಲ. ರಸ್ತೆಯ ಬಿರುಕಿಗೆ ಇಳಿದ ನೀರು ಚಳಿಗೆ ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗುತ್ತದೆ, ಮತ್ತೆ ಉಬ್ಬುತ್ತದೆ. ಮಾರ್ಚ್ ಬರುವ ಹೊತ್ತಿಗೆ ರಸ್ತೆ ಬಾಯಿ ಬಿಟ್ಟಿರುತ್ತದೆ. ಹಿಮ ಕರಗಿಸಲು ಎರಚುವ ಉಪ್ಪಿನದು ಇನ್ನೊಂದು ಕಥೆ. ಡೆಟ್ರಾಯಿಟ್ ನಗರದ ಕೆಳಗೆ 1,100 ಅಡಿಗೂ ಆಳದಲ್ಲಿ ಉಪ್ಪಿನ ಗಣಿಯಿದೆ. ಕಾರು ಕಟ್ಟಿ ಹೆಸರಾದ ಊರಿನ ಪಾತಾಳದಲ್ಲೇ ಕಾರು ತಿನ್ನುವ ವಸ್ತು! ನನ್ನ ಕಾರಿನ ಹಿಂದಿನ ಯಜಮಾನ ಚಳಿಗಾಲದಲ್ಲೂ ಅದನ್ನು ಓಡಿಸಿದ್ದ. ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ಇಲ್ಲಿ ತಿಂದಿದ್ದು ಕಾರು, ಕುಡಿದವನು ನಾನು.

ಕೊನೆಗೆ ಶಾಕ್ ಬದಲಿಸಲೇಬೇಕಾಯಿತು. ಮನಸ್ಸು ಹಳದಿ ಬಣ್ಣದ ಕೋನಿ ಶಾಕ್ ಕೇಳಿತು, ಪರ್ಸು ಅಗ್ಗದ ಕೆವೈಬಿ ಸಾಕೆಂದಿತು. ಪರ್ಸು ಗೆದ್ದಿತು. 'ಮೆಕ್ಯಾನಿಕ್ಕಿಗೆ ಕೊಟ್ಟುಬಿಡೋ' ಎಂದು ಮೈಸೂರಿನಿಂದ ಅಣ್ಣ ಫೋನಿನಲ್ಲಿ ಹೇಳಿದ. ಇಲ್ಲಿ ಗಂಟೆಗಿಷ್ಟು ಎಂದು ಕೂಲಿ ಹೇಳಿದೆ. ಆಮೇಲೆ ಅವನು ಆ ಮಾತೆತ್ತಲಿಲ್ಲ.

ರಿಪೇರಿ ಪುಸ್ತಕದ ಪ್ರಕಾರ ಕೆಲಸ ಸುಲಭ. ಮೇಲೆ ಎರಡು ನಟ್ಟು, ಕೆಳಗೆ ಒಂದು ಬೋಲ್ಟು. ಆ ಕೆಳಗಿನ ಬೋಲ್ಟು ರಬ್ಬರ್ ಬುಷ್ಷಿನ ಉಕ್ಕಿನ ಕೊಳವೆಯೊಳಗೆ ತುಕ್ಕು ಹಿಡಿದು, ಎರಡೂ ಒಂದೇ ಲೋಹವಾಗಿ ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದೆ. ಬರ್ನರ್ ಹಿಡಿದೆ. ಎಣ್ಣೆ ಹೊಗೆಯಾಡಿತು, ಸುಟ್ಟ ರಬ್ಬರಿನ ವಾಸನೆ ಅಡುಗೆಮನೆಗೂ ಹೋಯಿತು, 'ಒಗ್ಗರಣೆ ನಾನು ಹಾಕಲೋ ನೀವೇ ಹಾಕುತ್ತೀರೋ' ಎಂಬ ಪ್ರಶ್ನೆ ಅಲ್ಲಿಂದ ಹೊರಟು ಬಂತು. ಸುತ್ತಿಗೆ ಏಟಿಗೆ ಕೆಂಪು ಚಕ್ಕೆಗಳು ಕನ್ನಡಕದ ಮೇಲೆ ಉದುರಿದವು. ಬೋಲ್ಟು ಬಿಚ್ಚುವ ಬ್ರೇಕರ್ ಬಾರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಜೋತುಬಿದ್ದಾಗ ಟಣ್ ಎಂದಿತು. ತುಂಡಾಯಿತೋ ಸಡಿಲಾಯಿತೋ ಎಂದು ಕಣ್ಣು ಮುಚ್ಚಿಕೊಂಡೇ ಇದ್ದೆ. ಸಡಿಲಾಗಿತ್ತು.

ಶಾಕ್ ಬಿಚ್ಚಲು ಅದರ ಸುತ್ತಲಿನ ಸ್ಪ್ರಿಂಗನ್ನು ಅದುಮಬೇಕು. ಹಾಗೆ ಅದುಮುವ ಸಲಕರಣೆಯನ್ನು ಇಲ್ಲಿಯ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಪುಕ್ಕಟೆ ಕೊಡುತ್ತವೆ. ಪುಕ್ಕಟೆ ಎಂದರೆ ಮೂಗು ಮುರಿಯದ ನಾನೂ ಅದನ್ನು ತಿರುಗಿಸುವಾಗ ಮೂಗನ್ನು ಆದಷ್ಟು ದೂರ ಇಟ್ಟುಕೊಂಡಿದ್ದೆ. ಅದುಮಿದ ಸ್ಪ್ರಿಂಗ್ ಜಾರಿದರೆ ಮುಖದ ಲೆಕ್ಕ ಚುಕ್ತಾ. ಬಿಚ್ಚಿದ ಹಳೆಯ ಶಾಕ್ ಒಂದನ್ನು ಅಂಗೈಯಿಂದ ಒತ್ತಿದೆ. ತಂಟೆ ತಕರಾರಿಲ್ಲದೆ ಒಳಗೆ ಹೋಯಿತು, ಹೊರಗೆ ಬರುವ ಮನಸ್ಸನ್ನೇ ಮಾಡಲಿಲ್ಲ. ಬಂಪ್ ಸ್ಟಾಪ್ ಎಂಬ ನೊರೆರಬ್ಬರಿನ ತುಂಡು ಮುಟ್ಟಿದ್ದೇ ತಡ ಪುಡಿಯಾಯಿತು.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಮಾತು: ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕಾರು ಜ್ಯಾಕಿನ ಮೇಲೆ ತೂಗಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಭಾರ ಚಕ್ರಗಳ ಮೇಲೆ ಕೂತ ನಂತರವೇ ಬಿಗಿಯಬೇಕು; ಇಲ್ಲವಾದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಲೈನ್‌ಮೆಂಟನ್ನೂ ಮಾಡಿಸಿಕೊಳ್ಳಿ.

ಕಾರು ಈಗ ತಿರುವಿನಲ್ಲಿ ಮೊದಲಿನಷ್ಟು ತೂಗಾಡುವುದಿಲ್ಲ, ಬ್ರೇಕ್ ಹಾಕಿದರೆ ಮೂಗು ನೆಲಕ್ಕೆ ಬಗ್ಗಿಸುವುದಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಹೋಗಿ, ಅದೇ ಹಳ್ಳಗಳ ಮೇಲೆ ಓಡಿಸಿ, ಹೇಗಿದೆ ಎಂದು ಕೇಳಿದೆ. 'ಮೊದಲೇ ಮೆತ್ತಗಿತ್ತು' ಎಂದಳು.

ಹಳೆಯ ಶಾಕ್‌ಗಳು ಗ್ಯಾರೇಜಿನಲ್ಲೇ ಇವೆ. ಬೇಕಾದವರು ಬಂದು ಒಯ್ಯಬಹುದು. ಎಣ್ಣೆ ಸೋರುತ್ತದೆ, ಹಳೆಯ ಪೇಪರ್ ತನ್ನಿ. 'ಕಾಫಿ ನಾನೇ ಮಾಡಿಕೊಡುತ್ತೇನೆ' ಎಂದು ಮನೆಯವಳೂ ಹೇಳಿದ್ದಾಳೆ.