ಪಾಳೂರಿನ ರೀಲು

ಪಾಳೂರಿನ ಫೋಟೊ ತೆಗೆಯಲು ಹೊರಡುವವರಿಗೆ ಊರು ಪಾಳು ಬಿದ್ದರಷ್ಟೇ ಸಾಲದು, ಅದು ರೀಲಿನಲ್ಲೇ ಪಾಳು ಬೀಳಬೇಕು. ಕಪ್ಪು-ಬಿಳುಪಿನ ರೀಲು, ಅಗುಳಿ ಕಿತ್ತ ಬಾಗಿಲು, ತುಳಸಿಯಿಲ್ಲದ ತುಳಸಿಕಟ್ಟೆ. ಈ ಮೂರೂ ಕೂಡಿದರೆ ವಿಷಾದ ತಾನಾಗಿ ಡೆವಲಪ್ ಆಗುತ್ತದೆಂದು ಅವರ ನಂಬಿಕೆ. ನನ್ನ ತಕರಾರು ಇಷ್ಟೇ: ಆ ಚಿತ್ರಗಳ ನಿರ್ಜನತೆಯಲ್ಲಿ ಅರ್ಧ ಊರಿನದಾದರೆ ಅರ್ಧ ಕ್ಯಾಮೆರಾದ್ದು. ‘ರೀಲು ಬಿಡುವುದು’ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಚಾಲ್ತಿಯಲ್ಲಿಲ್ಲ. ಸಾಕ್ಷಿಗಾಗಿ ಹಳ್ಳಿ ಹುಡುಕಬೇಕಿಲ್ಲ, ಹೈದರಾಬಾದಿನ ಅಬಿಡ್ಸ್ ಸಾಕು.

ಅಲ್ಲಿಗೆ ಹೋಗುವ ಮುನ್ನ ಒಂದು ಹಳೇ ಚಿತ್ರ ನೋಡೋಣ. 1838ರಲ್ಲಿ, ಫೋಟೊಗ್ರಫಿಯ ಮೊದಲಿಗರಲ್ಲೊಬ್ಬನಾದ ಡಾಗೇರ್ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯೊಂದರ ಚಿತ್ರ ತೆಗೆದ. ಬೆಳಕು ತಟ್ಟೆಯ ಮೇಲೆ ಮೂಡಲು ಹಲವು ನಿಮಿಷ ಬೇಕಿದ್ದ ಕಾಲ. ಗಾಡಿ, ಕುದುರೆ, ಜನ ಎಲ್ಲ ಮಾಯ. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನು, ಜೊತೆಗೆ ಪಾಲಿಶ್ ಮಾಡುವವನ ಮಸುಕು ಆಕೃತಿ. ಅದೇ ಡಬ್ಬಿ ಕ್ಯಾಮೆರಾವನ್ನು ಭಾನುವಾರ ಅಬಿಡ್ಸ್‌ನಲ್ಲಿ ಇಟ್ಟರೆ? ಅಂಗಡಿಗಳ ಷಟರ್ ಇಳಿದಿರುತ್ತದೆ, ಅವುಗಳ ಮುಂದಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕಗಳ ಸಂತೆ ನೆರೆದಿರುತ್ತದೆ. ಬೆಲೆ ಕೇಳಿ, ಅರ್ಧಕ್ಕಿಳಿಸಿ, ಕರೆಯಲೆಂದೇ ಎರಡು ಹೆಜ್ಜೆ ಮುಂದೆ ಹೋಗುವ ಗಿರಾಕಿ ಚಿತ್ರದಲ್ಲಿ ಮೂಡುವುದಿಲ್ಲ. ನಿಂತಲ್ಲೇ ಅರ್ಧ ಕಾದಂಬರಿ ಮುಗಿಸಿ ಕೊಳ್ಳದೆ ಹೋಗುವ ಪುಕ್ಕಟೆ ಓದುಗ ಮಾತ್ರ ಅಲ್ಲಿನ ನೆಹರೂ ಪ್ರತಿಮೆಯಷ್ಟೇ ಸ್ಪಷ್ಟವಾಗಿ ಮೂಡುತ್ತಾನೆ. ವಾರದ ದಿನವಾದರೆ ಟ್ರಾಫಿಕ್ಕಿನಲ್ಲಿ ಸಿಕ್ಕ ಆಟೋಗಳಿಗೂ ಆ ಭಾಗ್ಯವುಂಟು. ಮಿಕ್ಕಂತೆ ಅಬಿಡ್ಸ್ ಜನ ಬಿಟ್ಟುಹೋದ ಊರು.

‘ಹಂಪಿ ನಿಜವಾಗಿಯೇ ಹಾಳಾಯಿತಲ್ಲ?’ ಎಂದು ಯಾರಾದರೂ ಕೇಳಬಹುದು. ಆಯಿತು, 1565ರಲ್ಲಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಅದನ್ನು ಹಿಡಿದಿಟ್ಟ. 1983ರಲ್ಲಿ ಜಾನ್ ಗೋಲಿಂಗ್ಸ್ ಅವವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಗ್ರೀನ್‌ಲಾನ ಕಾಗದಕ್ಕೂ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಕಲ್ಲಿಗೆ ಆ ತಾಳ್ಮೆಯಿತ್ತು, ದಾರಿಹೋಕನಿಗೆ ಇರಲಿಲ್ಲ. ಆದರೆ ಹಂಪಿಯಲ್ಲಿ ಜನರಿದ್ದರು: ವಿರೂಪಾಕ್ಷನಿಗೆ ಪೂಜೆ ನಡೆಯುತ್ತಲೇ ಬಂದಿದೆ. ಬಜಾರಿನ ಕಲ್ಲುಮಂಟಪಗಳಲ್ಲಿ ಸಂಸಾರಗಳು ಒಲೆ ಹೂಡಿದ್ದವು. 2011ರಲ್ಲಿ ಅವರನ್ನು ಎಬ್ಬಿಸಲಾಯಿತು. ನಿಧಾನದ ಕ್ಯಾಮೆರಾಕ್ಕೆ ಅಷ್ಟಿಷ್ಟು ಆಗುತ್ತಿದ್ದ ಕೆಲಸವನ್ನು ಬುಲ್ಡೋಜರ್ ಪೂರ್ತಿ ಮಾಡಿತು.

‘ಈಗಿನ 400 ವೇಗದ ರೀಲು ಸೆಕೆಂಡಿನ ನೂರಿಪ್ಪತ್ತೈದನೇ ಒಂದು ಪಾಲಿನಲ್ಲಿ ಓಡುವ ಕೋಳಿಯನ್ನೂ ಹಿಡಿಯುತ್ತದೆ, ಅದರ ಮೇಲೇಕೆ ಗೂಬೆ ಕೂರಿಸುತ್ತೀರಿ?’ ಎಂಬುದು ಇನ್ನೊಂದು ಆಕ್ಷೇಪ. ಒಪ್ಪಿದೆ. ರೀಲು ಚುರುಕಾಯಿತು; ಆದರೆ ನಿಧಾನದ ಕ್ಯಾಮೆರಾ ಕಲಿಸಿದ ಪಾಠ ಕಣ್ಣಿನಲ್ಲಿ ಉಳಿಯಿತು. ರಾಸಾಯನಿಕ ಮಾಡುತ್ತಿದ್ದುದನ್ನು ಈಗ ಛಾಯಾಗ್ರಾಹಕ ಬಾಯಿಂದ ಮಾಡುತ್ತಾನೆ: ‘ಅಜ್ಜೀ, ಒಸಿ ಆಕಡೆ ಸರೀರಿ.’ ಅಜ್ಜಿ ಸರಿಯುತ್ತಾಳೆ, ಹಪ್ಪಳದ ಚಾಪೆಯನ್ನೂ ಎಳೆದುಕೊಳ್ಳುತ್ತಾಳೆ. ಕ್ಲಿಕ್, ಊರು ಪಾಳು ಬಿತ್ತು.

ಹಾಗಾದರೆ ರೀಲೇ ಬೇಡವೇ? ಬೇಕು. ಮೊಬೈಲಿನಲ್ಲಾದರೆ ಬೇಡದ ಮನುಷ್ಯನನ್ನು ಬೆರಳಲ್ಲಿ ಒರೆಸಿದರೆ ಗುರುತೂ ಉಳಿಯದು. ನೆಗೆಟಿವ್ ಅಂಚಿನಲ್ಲಿ ಅಜ್ಜಿಯ ಮೊಣಕೈ ನುಸುಳಿದ್ದರೆ ಅದು ಅಲ್ಲೇ ಇರುತ್ತದೆ, ಸಾಕ್ಷಿಯಾಗಿ. ಬಿಟ್ಟುಹೋದವರೂ ಪೂರ್ತಿ ಹೋಗಿರುವುದಿಲ್ಲ ಎನ್ನುವುದಕ್ಕೆ ಅಬಿಡ್ಸೇ ಉದಾಹರಣೆ: ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆಲ್ಬರ್ಟ್ ಅಬಿದ್ ಇಲ್ಲಿ ಅಂಗಡಿ ಇಟ್ಟಿದ್ದ. ಅವನಿಲ್ಲ, ಅಂಗಡಿಯೂ ಇಲ್ಲ; ಹೆಸರು ಆಟೋದವರ ಬಾಯಲ್ಲಿ ದಿನವೂ ಸಾವಿರ ಸಲ.

ಆದ್ದರಿಂದ ರೀಲಿನ 36 ಫ್ರೇಮುಗಳಲ್ಲಿ ಒಂದನ್ನಾದರೂ ಅಜ್ಜಿಗೆ ಮೀಸಲಿಡುವುದು ನ್ಯಾಯ. ಅಲುಗಾಡದೆ ನಿಲ್ಲಿ ಅಂದರಾಯಿತು. ಊರಿಗೆ ಊರೇ ಗಂಟುಮೂಟೆ ಕಟ್ಟಿದಾಗಲೂ ಅಲುಗಾಡದವಳಿಗೆ ಅದೇನು ದೊಡ್ಡ ಕಷ್ಟ?