ಮೊಣಕಾಲಿನ ಮಹಾತ್ಮೆ

ಬೆಂಗಳೂರಿನ ದಂಡಿನ ಕಡೆ, ಅದರಲ್ಲಿಯೂ ಹಲಸೂರು, ಗೌತಮಪುರ, ಆಸ್ಟಿನ್ ಟೌನುಗಳ ಓಣಿಗಳಲ್ಲಿ, ವಯಸ್ಸು ಅರವತ್ತು ದಾಟಿದ ಯಾವ ಸದ್ಗೃಹಸ್ಥನನ್ನಾದರೂ ಕಂಡು, ಕುಶಲಪ್ರಶ್ನೆಗಳೆಲ್ಲ ಮುಗಿದ ಬಳಿಕ, “ತಾವು ಹುಡುಗರಾಗಿದ್ದಾಗ ಚೆನ್ನಾಗಿ ಫುಟ್‌ಬಾಲ್ ಆಡುತ್ತಿದ್ದಿರಂತೆ” ಎಂಬ ಒಂದು ಮಾತನ್ನು ಮೆಲ್ಲನೆ ಎತ್ತಿದರೆ ಸಾಕು. ಆತನು ಮೊದಲು ಒಂದು ನಿಟ್ಟುಸಿರನ್ನು ಬಿಡುವನು, ಆಮೇಲೆ ಆಕಾಶವನ್ನು ನೋಡುವನು, ಕಟ್ಟಕಡೆಗೆ ಪಂಚೆಯನ್ನೋ ಷರಾಯಿಯನ್ನೋ ಮೇಲಕ್ಕೆ ಸರಿಸಿ ತನ್ನ ಬಲ ಮೊಣಕಾಲನ್ನು ನಮ್ಮ ಪರಿಶೀಲನೆಗೆ ಒಪ್ಪಿಸುವನು. ಆ ಮೊಣಕಾಲು ಸಕಾಲದಲ್ಲಿ ಕೈಕೊಡದೆ ಇದ್ದಿದ್ದರೆ ಆತನು ಮೈಸೂರು ರಾಜ್ಯದ ತಂಡದಲ್ಲಿ ಆಡುತ್ತಿದ್ದನೆಂಬುದೂ, ಕಲ್ಕತ್ತೆಯ ದೊಡ್ಡ ಕ್ಲಬ್ಬಿನವರು ಆತನಿಗಾಗಿ ರೈಲಿನ ಟಿಕೆಟ್ಟನ್ನೇ ಕೊಂಡಿದ್ದರೆಂಬುದೂ ಅನಂತರ ವಿಶದವಾಗುವುದು. ನಾವು ಆ ಮೊಣಕಾಲಿನಲ್ಲಿ ಏನನ್ನೂ ಕಾಣದಿದ್ದರೂ ತಲೆಯಾಡಿಸತಕ್ಕದ್ದು. ಅದು ಆ ಪ್ರದೇಶದ ಶಿಷ್ಟಾಚಾರ.

ಈ ಮೊಣಕಾಲುಗಳ ವಿಚಾರದಲ್ಲಿ ನಾನು ಕೊಂಚ ಅಧಿಕಾರದಿಂದ ಮಾತನಾಡಬಲ್ಲೆ. ಐವತ್ತರ ದಶಕದಲ್ಲಿ ಹಲಸೂರಿನ ಸಮೀಪದ ಒಂದು ಸಣ್ಣ ಕ್ಲಬ್ಬಿನ ಹುಡುಗರ ತಂಡದಲ್ಲಿ ನಾನು ಹನ್ನೆರಡನೆಯವನಾಗಿದ್ದೆ. ಆಗಿನ ಪದ್ಧತಿಯಲ್ಲಿ ಹನ್ನೊಂದು ಮಂದಿ ಆಡುತ್ತಿದ್ದರು. ಹನ್ನೆರಡನೆಯವನು ಆ ಹನ್ನೊಂದು ಮಂದಿಯ ಅಂಗಿ, ಚಡ್ಡಿ, ಚಪ್ಪಲಿಗಳನ್ನೂ, ಯಾರದಾದರೂ ಅಣ್ಣನಿಂದ ಎರವಲು ಬಂದ ಕೈಗಡಿಯಾರವನ್ನೂ ಕಾಯುತ್ತ, ಮಧ್ಯಾಂತರಕ್ಕೆ ನಿಂಬೆಹಣ್ಣನ್ನು ಹೋಳುಮಾಡಿ ಉಪ್ಪು ಸವರಿ ಸಿದ್ಧಪಡಿಸುತ್ತಿದ್ದನು. ನನ್ನ ಅಕ್ಷರ ದುಂಡಗಿದ್ದುದರಿಂದ ತಂಡದ ಪಟ್ಟಿಯನ್ನು ಬರೆಯುವ ಗೌರವವೂ ನನಗೆ ಪ್ರಾಪ್ತವಾಗಿತ್ತು. ಯಾರು ಯಾವ ದಿನ ಆಡಿದರು, ಯಾರು ಕುಂಟುತ್ತ ಹೊರಬಂದರು, ಯಾರು ಕುಂಟುವಂತೆ ನಟಿಸುತ್ತ ಹೊರಬಂದರು ಎಂಬುದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ನನ್ನ ಕೈಯಿಂದಲೇ ದಾಖಲಾಗಿದೆ. ಬಟ್ಟೆ ಕಾಯುವವನು ಆಟವನ್ನು ನೋಡುವಷ್ಟು ನಿರಾಳವಾಗಿ ಆಡುವವನು ನೋಡಲಾರ.

ನಮ್ಮ ಮನೆಯವರು ಪೇಟೆಯ ಕಡೆಯಿಂದ ದಂಡಿಗೆ ವಲಸೆ ಬಂದವರು. ಬಸವನಗುಡಿಯಲ್ಲಿದ್ದ ನನ್ನ ಸೋದರಮಾವನಿಗೆ ಈ ಕ್ರೀಡೆಯ ವಿಷಯ ತಿಳಿದಾಗ, ಅವರು ಆಟದ ನಿಯಮವನ್ನಾಗಲಿ ಲಾಭನಷ್ಟವನ್ನಾಗಲಿ ವಿಚಾರಿಸದೆ, “ಆ ಚೆಂಡಿನ ಚರ್ಮ ಯಾವ ಪ್ರಾಣಿಯದೋ?” ಎಂದು ಕೇಳಿದರು. ತಂದೆಯವರು ಬಹಳ ಹೊತ್ತು ಯೋಚಿಸಿ, “ಇವನಿಗೆ ಅದನ್ನು ಮುಟ್ಟುವ ಸಂದರ್ಭ ಬರುವುದಿಲ್ಲ ಭಾವ” ಎಂದು ಸಮಾಧಾನ ಹೇಳಿದರು. ಆ ಮಾತು ಎಷ್ಟು ನಿಜವೆಂಬುದು ಅವರಿಗೂ ತಿಳಿದಿರಲಿಲ್ಲ.

ಆ ಚೆಂಡಿನ ವಿಷಯವಾಗಿ ಎರಡು ಮಾತು ಹೇಳದೆ ಮುಂದೆ ಸಾಗುವುದು ಕೃತಘ್ನತೆಯಾದೀತು. ಈಗಿನ ಚೆಂಡುಗಳಂತೆ ಅದು ಮುಚ್ಚಿದ ಗೋಲವಲ್ಲ. ಅದಕ್ಕೆ ಒಂದು ಬಾಯಿಯಿತ್ತು. ಆ ಬಾಯಿಯೊಳಗೆ ರಬ್ಬರಿನ ಬ್ಲ್ಯಾಡರನ್ನು ತುರುಕಿ, ಸೈಕಲ್ ಷಾಪಿನ ಪಂಪಿನಿಂದ ಗಾಳಿ ಹೊಡೆಸಿ, ಅದರ ನಳಿಗೆಯನ್ನು ಮಡಿಸಿ ದಾರದಿಂದ ಬಿಗಿದು ಒಳಗೆ ತಳ್ಳಿ, ಮೇಲೆ ಚರ್ಮದ ಲೇಸನ್ನು ಕಬ್ಬಿಣದ ಸೂಜಿಯಿಂದ ಎಳೆದೆಳೆದು ಹೊಲಿಯಬೇಕಾಗಿತ್ತು. ಈ ಕರ್ಮವನ್ನು ನಮ್ಮ ಗೋಲಿಯು ನಾಲಗೆಯನ್ನು ಹೊರಚಾಚಿ, ಯಾರೊಡನೆಯೂ ಮಾತನಾಡದೆ ನೆರವೇರಿಸುತ್ತಿದ್ದನು. ಮಳೆ ಬಂತೆಂದರೆ ಚರ್ಮವು ನೀರು ಕುಡಿದು ಚೆಂಡು ಇಮ್ಮಡಿ ಭಾರವಾಗುತ್ತಿತ್ತು. ಅಂತಹ ದಿನ ಅದನ್ನು ತಲೆಯಿಂದ ಹೊಡೆದವನ ಹಣೆಯ ಮೇಲೆ ಲೇಸಿನ ಅಚ್ಚು ಮೂಡುತ್ತಿದ್ದುದರಿಂದ, ಮರುದಿನ ತರಗತಿಯಲ್ಲಿ ಉಪಾಧ್ಯಾಯರು ಹಾಜರಿ ಕರೆಯುತ್ತಲೇ, ನಿನ್ನೆ ಸಂಜೆ ಲೆಕ್ಕ ಮಾಡದವರು ಯಾರು ಯಾರೆಂಬುದನ್ನು ಹಣೆಯ ಬರಹದಿಂದಲೇ ಓದಿಕೊಳ್ಳುತ್ತಿದ್ದರು.

ಕ್ಲಬ್ಬಿಗೆ ಆಸ್ತಿಯೆಂಬುದು ಒಂದು ತಗಡಿನ ಟ್ರಂಕು. ಅದು ನಮ್ಮ ಸೆಕ್ರೆಟರಿಯವರ ಮಂಚದ ಕೆಳಗೆ ಇರುತ್ತಿತ್ತು. ಕ್ಲಬ್ಬಿನ ಕಚೇರಿ ಎಂದು ಲೆಟರ್‌ಹೆಡ್ಡಿನಲ್ಲಿ ಅಚ್ಚಾಗಿದ್ದುದು ಆ ಮಂಚದ ವಿಳಾಸವೇ. ಟ್ರಂಕಿನೊಳಗೆ ಹಳದಿ ಕಾಲರಿನ ನೀಲಿ ಜರ್ಸಿಗಳು ನುಸಿಗುಳಿಗೆಯ ವಾಸನೆಯೊಡನೆ ಮಲಗಿರುತ್ತಿದ್ದವು. ಸೆಕ್ರೆಟರಿಯವರು ಗೆದ್ದರೆ ಹಿಗ್ಗುವವರಲ್ಲ, ಸೋತರೆ ಕುಗ್ಗುವವರಲ್ಲ. ಆಟ ಮುಗಿದೊಡನೆ ಮೈದಾನದ ಅಂಚಿನಲ್ಲಿ ಟ್ರಂಕಿನ ಮುಚ್ಚಳ ತೆರೆದು ನಿಂತು, ಬೆವರಿನಿಂದ ತೊಯ್ದ ಜರ್ಸಿಗಳನ್ನು ಒಂದೊಂದಾಗಿ ಎಣಿಸಿ ಒಳಗೆ ಹಾಕಿಕೊಳ್ಳುವರು. ಒಮ್ಮೆ ನಾವು ಸಿ ಡಿವಿಷನ್ನಿನ ಒಂದು ಪಂದ್ಯದಲ್ಲಿ ಲಜ್ಜಾಸ್ಪದವಾಗಿ ಸೋತು, ತಲೆ ತಗ್ಗಿಸಿ ಅವರ ಮುಂದೆ ನಿಂತಾಗ, ಅವರು ಎಣಿಕೆಯನ್ನು ಮುಗಿಸಿ, “ಪರವಾಗಿಲ್ಲ, ಒಂದೂ ಹರಿದಿಲ್ಲ” ಎಂದರು. ಸ್ಥಿತಪ್ರಜ್ಞನ ಲಕ್ಷಣವೇನೆಂದು ಮುಂದೆ ಯಾರು ಯಾರೋ ನನಗೆ ವಿವರಿಸಿದ್ದುಂಟು. ನನಗೆ ಆ ಟ್ರಂಕಿನ ಬಳಿಯೇ ಪಾಠವಾಗಿ ಹೋಗಿತ್ತು.

ಅದೇ ಸೆಕ್ರೆಟರಿಯವರು ಇತಿಹಾಸವನ್ನು ಹೇಳತೊಡಗಿದರೆ ಬೇರೆಯೇ ಮನುಷ್ಯರಾಗುತ್ತಿದ್ದರು. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದುದು, ಗೋರಾ ಪಲ್ಟಣಗಳ ಸ್ವತ್ತಾಗಿದ್ದ ಆ ಕಪ್ಪನ್ನು ಹಾಗೆ ಗೆದ್ದ ಭಾರತೀಯ ನಾಗರಿಕ ತಂಡಗಳಲ್ಲಿ ಅದೇ ಮೊದಲನೆಯದಾದುದು, 1946-47ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ತಂಡವು ಬೆಂಗಳೂರಿನಲ್ಲಿಯೇ ಬಂಗಾಳವನ್ನು ಸೋಲಿಸಿದುದು — ಇವೆಲ್ಲವೂ ಅವರ ಬಾಯಲ್ಲಿ ಕಣ್ಣಾರೆ ಕಂಡ ಕುರುಕ್ಷೇತ್ರದಂತೆ ಬರುತ್ತಿದ್ದವು. ಈಸ್ಟ್ ಬೆಂಗಾಲ್ ತಂಡದ ಐವರು ಮುಂಚೂಣಿಯ ಆಟಗಾರರಿಗೆ ಬಂಗಾಳಿಗಳು ಪಂಚಪಾಂಡವರೆಂದು ಹೆಸರಿಟ್ಟಿದ್ದರಷ್ಟೆ. ಅವರಲ್ಲಿ ಅಹಮದ್ ಖಾನರೂ ಧನರಾಜರೂ ನಮ್ಮೂರಿನಿಂದ ಹೋದವರೆಂಬುದು ಲೋಕಪ್ರಸಿದ್ಧ. ಮಿಕ್ಕವರ ತಾಯಂದಿರ ತವರೂ ಇಲ್ಲಿಯೇ ಎಲ್ಲಿಯೋ ಶಿವಾಜಿನಗರದ ಆಸುಪಾಸಿನಲ್ಲಿ ಇರಲೇಬೇಕೆಂಬುದು ಸೆಕ್ರೆಟರಿಯವರ ಸಂಶೋಧನೆಯಾಗಿತ್ತು.

1948ರಲ್ಲಿ ಲಂಡನ್ನಿನ ಒಲಿಂಪಿಕ್ಸಿನಲ್ಲಿ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಫ್ರಾನ್ಸನ್ನು ಎದುರಿಸಿ, ಎರಡು ಪೆನಾಲ್ಟಿಗಳನ್ನು ವ್ಯರ್ಥಗೊಳಿಸಿ, ಎರಡಕ್ಕೆ ಒಂದು ಗೋಲಿನಿಂದ ಸೋತರು. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಲ್ಲಿಯವರೆಗೆ ನಮ್ಮ ಹುಡುಗರು ಬಡತನದಿಂದ ಬರಿಗಾಲಿನಲ್ಲಿ ಆಡುತ್ತಿದ್ದರು. ಆ ಗೋಲಿನ ಕಥೆ ಕಿವಿಗೆ ಬಿದ್ದ ಮೇಲೆ ಅದೇ ಬರಿಗಾಲು ಒಂದು ಸಿದ್ಧಾಂತವಾಯಿತು. ದುರ್ದೈವದಿಂದ ನಾಲ್ಕು ವರ್ಷಗಳಲ್ಲಿಯೇ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯವು ನಮಗೆ ಹತ್ತು ಗೋಲು ಹಾಕಿ ಆ ಸಿದ್ಧಾಂತದ ಬುಡವನ್ನೇ ಅಲುಗಾಡಿಸಿತು. ಅಲ್ಲಿಯೂ ನಮ್ಮ ಕಡೆಯ ಏಕೈಕ ಗೋಲು ಅಹಮದ್ ಖಾನರದು. ಹೀಗಾಗಿ ಹಲಸೂರಿನಲ್ಲಿ ಆ ಪಂದ್ಯದ ಚರ್ಚೆ ಬಂದಾಗಲೆಲ್ಲ ಒಂದು ಗೋಲಿನ ವರ್ಣನೆ ಅರ್ಧ ಗಂಟೆ ನಡೆಯುತ್ತಿತ್ತು, ಉಳಿದ ಹತ್ತರ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ.

ಅದರ ಬೆನ್ನಿಗೇ ಬೂಟಿನ ಕಾಯಿದೆ ಬಂದಿತು. ನಮ್ಮ ಹುಡುಗರು ಶಿವಾಜಿನಗರದ ಗುಜರಿಯನ್ನು ಶೋಧಿಸಿ, ಯಾವನೋ ಸಿಪಾಯಿ ತೊಟ್ಟು ಬಿಸುಟ ಬೂಟುಗಳನ್ನು ಕೊಂಡು, ತುದಿಗೆ ಹತ್ತಿ ತುರುಕಿ ತೊಟ್ಟರು. ಅವುಗಳ ಅಡಿಯ ಚರ್ಮದ ಗುಬಟುಗಳನ್ನು ಮೊಳೆಯಿಂದ ಹೊಡೆದಿರುತ್ತಿದ್ದರು. ಗುಬಟು ಸವೆದಂತೆ ಮೊಳೆಯು ಒಳಗಿನ ಪಾದವನ್ನು ವಿಚಾರಿಸಿಕೊಳ್ಳತೊಡಗುತ್ತಿತ್ತು. ಆ ಕಾಲದಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಅಂಗಾಲಿನ ಗಾಯಗಳು ಹೇರಳವಾಗಿ ದಾಖಲಾಗಿವೆ. ಮೊಣಕಾಲಿನ ಗಾಯ ಒಂದೂ ಇಲ್ಲ.

ಹಾಗಾದರೆ ಈ ಹುಡುಗರು ಆಟ ಬಿಟ್ಟುದೇಕೆ? ನಮ್ಮ ಲೆಫ್ಟ್ ಔಟನ್ನೇ ತೆಗೆದುಕೊಳ್ಳೋಣ. ಅವನು ಓಡತೊಡಗಿದರೆ ನಿಲ್ಲುವ ವಿದ್ಯೆ ಅವನಿಗೆ ತಿಳಿದಿರಲಿಲ್ಲ. ಎದುರಾಳಿಯನ್ನು ದಾಟಿ, ಗೆರೆಯನ್ನು ದಾಟಿ, ಪ್ರೇಕ್ಷಕರನ್ನೂ ದಾಟಿ ಹೋದ ಮೇಲೆ ಚೆಂಡು ಹಿಂದೆಯೇ ಉಳಿದಿದೆಯೆಂಬ ಅರಿವು ಅವನಿಗೆ ಉಂಟಾಗುತ್ತಿತ್ತು. ಆದರೂ ಅಂತಹ ವೇಗವನ್ನು ನಾನು ಮತ್ತೆ ಕಂಡಿಲ್ಲ. ಆಗ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಮೊದಲಾದ ದೊಡ್ಡ ಕಾರ್ಖಾನೆಗಳು ತಲೆಯೆತ್ತಿದ್ದವು, ಅವುಗಳಿಗೆ ಫುಟ್‌ಬಾಲ್ ತಂಡಗಳಿದ್ದವು, ಆ ತಂಡಗಳಿಗಾಗಿ ಆಡಬಲ್ಲ ಹುಡುಗರಿಗೆ ಕೆಲಸ ಸಿಗುತ್ತಿತ್ತು. ಲೆಫ್ಟ್ ಔಟಿನ ತಾಯಿ ಬೀದಿಯ ಮೂಲೆಯಲ್ಲಿ ಇಡ್ಲಿ ಮಾರುತ್ತಿದ್ದ ವಿಧವೆ. ಮಗನಿಗೆ ಕಾರ್ಖಾನೆಯ ಆಯ್ಕೆಯ ಆಟವಿದ್ದ ದಿನ ಆಕೆ ಸೌಟನ್ನು ಕೈಯಲ್ಲಿ ಹಿಡಿದೇ ಮೈದಾನದ ಅಂಚಿಗೆ ಬಂದು ನಿಂತಳು. ಮಗನು ಗೆರೆಯ ಬಳಿಗೆ ಬಂದಾಗಲೆಲ್ಲ ಸೌಟು ಮೇಲೇಳುತ್ತಿತ್ತು. ಅಂದು ಅವನು ಗೆರೆಯೊಳಗೇ ನಿಂತನು. ಕೆಲಸವಾಯಿತು. ಬಿಲ್ಲೆ, ಕ್ಯಾಂಟೀನಿನ ಊಟ, ತಿಂಗಳು ತುಂಬಿದೊಡನೆ ಸಂಬಳ ಎಲ್ಲವೂ ಬಂದವು. ಎರಡು ವರ್ಷ ಕಾರ್ಖಾನೆಯ ತಂಡಕ್ಕೆ ಆಡಿದವನು, ಕೆಲಸ ಖಾಯಂ ಆದ ಮಾರನೆಯ ತಿಂಗಳೇ ಬೂಟು ಬಿಚ್ಚಿದನು. ಹೊಡೆಯಬೇಕಾಗಿದ್ದ ಗೋಲನ್ನು ಹೊಡೆದಾಗಿತ್ತು, ಇನ್ನು ಓಡುವುದೇತಕ್ಕೆ? ಇಷ್ಟು ಗೌರವಸ್ಥವಾದ ಕಾರಣವನ್ನು ಬಚ್ಚಿಟ್ಟು, ಮೊಮ್ಮಕ್ಕಳ ಮುಂದೆ ಅವನು ಇಂದಿಗೂ ಮೊಣಕಾಲನ್ನು ಮುಂದೊಡ್ಡುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಗೋಲಿಯ ವೃತ್ತಾಂತ ಸಂಕ್ಷಿಪ್ತವಾದುದು. ಅವನು ಪಂದ್ಯಕ್ಕೆ ಮುನ್ನ ಒಂದು ಕಂಬಕ್ಕೆ ವಿಭೂತಿಯನ್ನು ಹಚ್ಚಿ, ಇನ್ನೊಂದರ ಮೇಲೆ ಬೆರಳಿನಿಂದ ಶಿಲುಬೆಯನ್ನು ಬರೆದು, ಅಡ್ಡಪಟ್ಟಿಗೆ ದರ್ಗಾದ ದಾರವನ್ನು ಕಟ್ಟುತ್ತಿದ್ದನು. ಸರ್ವಧರ್ಮಗಳೂ ಕಂಬಗಳನ್ನು ಕಾಯ್ದುವೇ ಹೊರತು ನಡುವಿನ ಜಾಗವನ್ನು ಅವನ ಪಾಲಿಗೇ ಬಿಟ್ಟವು. ಗೋಲಾದ ಮೇಲೆ ಸೆಕ್ರೆಟರಿಯವರು ಕಾರಣ ಕೇಳಿದರೆ, “ಬಾಲೂ ಹೋಯ್ತು ಸಾರ್, ನಾನೂ ಹೋದೆ. ಬೇರೆ ಬೇರೆ ಕಡೆ ಹೋದ್ವಿ” ಎನ್ನುತ್ತಿದ್ದನು. ಮುಂದೆ ಅವನು ಸಿಟಿ ಬಸ್ಸಿನ ಕಂಡಕ್ಟರನಾಗಿ, ಬಾಗಿಲಿನಲ್ಲಿ ಕೈಯಡ್ಡ ಹಿಡಿದು ನಿಂತು, ಯಾರನ್ನೂ ಒಳಗೆ ಬಿಡದ ಖ್ಯಾತಿಯನ್ನು ಸಂಪಾದಿಸಿದನು.

ನಿಜವಾದ ಪ್ರತಿಭಾವಂತನೆಂದರೆ ನಮ್ಮ ಸೆಂಟರ್ ಹಾಫ್. ಅವನ ಕಾಲಿಗೆ ಬಂದ ಚೆಂಡು ಅವನ ಅಪ್ಪಣೆಯಿಲ್ಲದೆ ಕದಲುತ್ತಿರಲಿಲ್ಲ. ಕಲ್ಕತ್ತೆಯ ಕಡೆಯಿಂದ ಅವನಿಗೊಂದು ಕರೆ ಬಂದುದು ಸತ್ಯ. ಆ ಕಾಗದವನ್ನು ಓದಿ ಹೇಳಿದವನೇ ನಾನು. ಅವನ ಅಜ್ಜಿಯು ಅದನ್ನು ಕೇಳಿ, “ಅಲ್ಲಿ ಅನ್ನಕ್ಕೆ ಮೀನು ಬೆರೆಸಿ ಬಡಿಸ್ತಾರಂತೆ, ನೀನು ಹೋದ್ರೆ ನಾನು ಊಟ ಬಿಡ್ತೀನಿ” ಎಂದಳು. ಎರಡು ಹೊತ್ತು ಬಿಟ್ಟೂ ತೋರಿಸಿದಳು. ಅವನು ಹೋಗಲಿಲ್ಲ, ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾದನು. ಕೇಳಿದವರಿಗೆಲ್ಲ ಅವನು ಸಂಕೋಚವಿಲ್ಲದೆ “ಅಜ್ಜಿ ಬಿಡಲಿಲ್ಲ” ಎಂದೇ ಹೇಳುವನು. ಈ ಸತ್ಯವಾದಿತ್ವವು ಉಳಿದವರಿಗೆ ಅಸಹ್ಯವಾಯಿತು. ಸೆಂಟರ್ ಹಾಫನ್ನು, ಅದೂ ತಮ್ಮ ಸೆಂಟರ್ ಹಾಫನ್ನು, ಒಬ್ಬ ಅಜ್ಜಿ ತಡೆದಳೆಂದರೆ ಕ್ಲಬ್ಬಿನ ಮರ್ಯಾದೆ ಏನಾಗಬೇಕು? ಆದಕಾರಣ ಅವರೆಲ್ಲ ಸೇರಿ, ಅವನ ಪರೋಕ್ಷದಲ್ಲಿ, ಅವನಿಗೂ ಒಂದು ಕೆಟ್ಟ ಮೊಣಕಾಲನ್ನು ದಯಪಾಲಿಸಿದರು. ಚಹಾದಂಗಡಿಯಲ್ಲಿ ಆ ಮೊಣಕಾಲಿನ ಶಸ್ತ್ರಚಿಕಿತ್ಸೆಯ ವಿವರಗಳು ಸಹ ಸಿಗುತ್ತವೆ. ಅವನು ಮಾತ್ರ ನೆಟ್ಟಗೆ ನಡೆದುಕೊಂಡು ಬಂದು ಅವರೊಡನೆ ಚಹಾ ಕುಡಿದು ಹೋಗುತ್ತಾನೆ.

ಮೊಣಕಾಲು ಗಟ್ಟಿಯಿದ್ದವರೂ ಆ ಬೀದಿಗಳಿಂದ ಹೊರಟರು. 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು; ನಮ್ಮ ಮಕ್ಕಳ ತಲೆಮಾರಿನಲ್ಲಿ ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್ಮನ್ 1993ರಲ್ಲಿ ಈಸ್ಟ್ ಬೆಂಗಾಲಿನ ಪರವಾಗಿ ಇರಾಕಿನ ಅಲ್ ಜಾವ್ರಾ ತಂಡಕ್ಕೆ ಹ್ಯಾಟ್ರಿಕ್ ಹೊಡೆದು, 2020ರಲ್ಲಿ, ಐವತ್ತೂ ತುಂಬದ ವಯಸ್ಸಿನಲ್ಲಿ ತೀರಿಕೊಂಡರು. ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಜತೆಗೆ ಪೆಲೆಯ ಪ್ರತಿಮೆಯೂ ಉಂಟು. ನಮ್ಮ ಹಳೆಯ ಹುಡುಗರಲ್ಲಿ ಉಳಿದ ಕೆಲವರು ಸಂಜೆ ಅತ್ತ ಹೋದರೆ ಮೂವರಿಗೆ ಕೈಮುಗಿದು, ನಾಲ್ಕನೆಯವನೊಡನೆ ವಾದಕ್ಕೆ ನಿಲ್ಲುತ್ತಾರೆ.

ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1952-53ರಲ್ಲಿ ಮತ್ತೊಮ್ಮೆ, ಆಮೇಲೆ 1967-68, 1968-69ರಲ್ಲಿ ಸಾಲಾಗಿ ಎರಡು ಸಲ ಗೆದ್ದಿತು. ನಾಲ್ಕು ಸಲವೂ ಸೋತವರು ಬಂಗಾಳದವರೇ. ಅದಾದ ಮೇಲೆ ಬರಗಾಲ. 2023ರ ಮಾರ್ಚಿ 4ರಂದು, ಎಲ್ಲಿಯೋ ದೂರದ ರಿಯಾದ್ ನಗರದಲ್ಲಿ, ಕರ್ನಾಟಕವು ಮೇಘಾಲಯವನ್ನು ಮೂರಕ್ಕೆ ಎರಡರಿಂದ ಸೋಲಿಸಿ 54 ವರ್ಷಗಳ ತರುವಾಯ ಆ ಕಪ್ಪನ್ನು ಮುಟ್ಟಿದಾಗ, ಲೆಫ್ಟ್ ಔಟಿನ ಮನೆಯಲ್ಲಿ ನಾವು ಮೊಮ್ಮಗನ ಮೊಬೈಲಿನ ಮೇಲೆ ಬಗ್ಗಿ ಕುಳಿತಿದ್ದೆವು. ಮೊಮ್ಮಗನು, “ಮಧ್ಯ ಇಷ್ಟು ವರ್ಷ ಯಾಕೆ ತಾತ ಗೆಲ್ಲಲಿಲ್ಲ?” ಎಂದು ಕೇಳಿದನು. ಕೊಠಡಿಯಲ್ಲಿದ್ದ ಹಿರಿಯರೆಲ್ಲರೂ ಒಮ್ಮೆಗೇ ತಮ್ಮ ತಮ್ಮ ಮೊಣಕಾಲುಗಳನ್ನು ನೀವಿಕೊಂಡರು.

ಸೆಕ್ರೆಟರಿಯವರು ಕಾಲವಾದ ಬಳಿಕ ಅವರ ಮನೆಯವರು ಆ ಟ್ರಂಕನ್ನು ನನ್ನ ಮನೆಗೆ ಕಳುಹಿಸಿಕೊಟ್ಟರು. ಅವರ ಪದ್ಧತಿಯಂತೆ ನಾನೂ ಎಣಿಸಿದೆ. ಒಂದು ಜರ್ಸಿ ಕಡಿಮೆ ಬರುತ್ತಿದೆ. ನೀಲಿ ಬಣ್ಣ, ಹಳದಿ ಕಾಲರು, ಎಡ ತೋಳಿನ ಬಳಿ ಕಪ್ಪು ದಾರದಿಂದ ಹಾಕಿದ ಹೊಲಿಗೆ. ಓದುಗರ ಪೈಕಿ ಯಾರ ಮನೆಯಲ್ಲಿಯಾದರೂ, ಅಜ್ಜನ ಪೆಟ್ಟಿಗೆಯಲ್ಲಿಯೋ ಅಟ್ಟದ ಮೇಲೋ, ಅಂತಹುದು ದೊರೆತಲ್ಲಿ ದಯವಿಟ್ಟು ತಲುಪಿಸಬೇಕು. ಕಾರಣ ಕೇಳುವುದಿಲ್ಲ, ದಂಡ ವಿಧಿಸುವುದಿಲ್ಲ; ಒಗೆದು ಕೊಟ್ಟರೆ ಮಾತ್ರ ಧೋಬಿಯ ಖರ್ಚು ಉಳಿಯುತ್ತದೆ.